ನೀಲಾಂಜನೆಗಾಗಿ ಅತ್ತವರು ಯಾರು?

ಆ ಹುಡುಗಿ ಮೂರನೇ ಬೆಂಚಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದಳು. ಹಾಸನದ ಆಚೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು, ತರಗತಿಯಲ್ಲಿ ಬಾಯಿ ಬಿಟ್ಟಿದ್ದೇ ಕಡಿಮೆ. 2009ರ ಒಂದು ಮಧ್ಯಾಹ್ನ ಪಂಪನ 'ಆದಿಪುರಾಣ'ದಿಂದ ನೀಲಾಂಜನೆಯ ನೃತ್ಯದ ಭಾಗವನ್ನು ಪಾಠ ಮಾಡಿ ಮುಗಿಸಿ, ಪುಸ್ತಕ ಮಡಿಚಿ, ಎಂದಿನಂತೆ "ಏನಾದರೂ ಕೇಳೋದಿದೆಯಾ?" ಅಂದೆ. ಅವಳು ಎದ್ದು ನಿಂತಳು. "ಮೇಡಂ, ಸತ್ತುಹೋದಳಲ್ಲ ಆ ನೀಲಾಂಜನೆ, ಅವಳಿಗಾಗಿ ಅತ್ತವರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅವಳು ದೇವಲೋಕದವಳಮ್ಮಾ, ದೇವತೆಗಳು ಸತ್ತರೆ ಹೆಣ ಉಳಿಯೋದಿಲ್ಲ" ಎಂದು ಏನೋ ಹೇಳಿದೆ. ತಲೆಯಾಡಿಸಿ ಕೂತಳು. ಬೆಲ್ ಆಯಿತು. ಸ್ಟಾಫ್ ರೂಮಿಗೆ ಬಂದವಳೇ, ಇನ್ನೂ ಕುರ್ಚಿ ಎಳೆದುಕೊಳ್ಳುವ ಮೊದಲೇ, "ಈ ದಸರಾ ರಜೆಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಯಾರ್ಯಾರು ಬರ್ತೀರಿ?" ಎಂದು ಕೇಳಿದೆ. ಅರ್ಧ ಗಂಟೆಯೊಳಗೆ ಹನ್ನೊಂದು ಜನರ ಪಟ್ಟಿ, ಟೆಂಪೊ ಟ್ರಾವೆಲರ್ ಬಾಡಿಗೆ, ದಾರಿಗೆ ಕಟ್ಟಿಕೊಳ್ಳುವ ಪುಳಿಯೋಗರೆ ಎಲ್ಲ ತೀರ್ಮಾನವಾಯಿತು. ಹುಡುಗಿಯ ಪ್ರಶ್ನೆಗೂ ನನ್ನ ಪಟ್ಟಿಗೂ ಸಂಬಂಧವಿದೆ ಎಂದು ಹೊಳೆಯಲು ಹತ್ತು ವರ್ಷ ಹಿಡಿಯಿತು.

ಕಥೆ ಮರೆತವರಿಗಾಗಿ ಹೇಳುತ್ತೇನೆ. ಪಂಪ ಇದನ್ನು ಬರೆದದ್ದು ಕ್ರಿ.ಶ. 941ರಲ್ಲಿ. ಅವನಿಗಿಂತ ಸುಮಾರು ನೂರು ವರ್ಷ ಮೊದಲು ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ಪೂರ್ವಪುರಾಣ ಅವನಿಗೆ ಆಧಾರ. ಮೊದಲ ತೀರ್ಥಂಕರನಾಗಬೇಕಾದ ವೃಷಭನಾಥ ಆಗಿನ್ನೂ ರಾಜ. ರಾಜ್ಯಭೋಗದಲ್ಲೇ ಕಾಲ ಹೋಗುತ್ತಿದೆ. ಇವನು ಹೀಗೇ ಇದ್ದುಬಿಟ್ಟರೆ ಲೋಕಕ್ಕೆ ದಾರಿ ತೋರಿಸುವವರು ಯಾರೆಂದು ಇಂದ್ರನಿಗೆ ಚಿಂತೆ. ಅವನು ನೀಲಾಂಜನೆ ಎಂಬ ನರ್ತಕಿಯನ್ನು ಆರಿಸಿ ಕರೆತರುತ್ತಾನೆ. ಅವಳೇ ಯಾಕೆಂದರೆ, ಅವಳ ಆಯುಸ್ಸು ಮುಗಿಯುತ್ತ ಬಂದಿದೆ. ಆಸ್ಥಾನದಲ್ಲಿ ಕುಣಿಯುತ್ತ ಕುಣಿಯುತ್ತಲೇ ಅವಳು ಇಲ್ಲವಾಗುತ್ತಾಳೆ. ರಸಭಂಗ ಆಗಬಾರದೆಂದು ಇಂದ್ರ ಆ ಕ್ಷಣದಲ್ಲೇ ಅವಳಂಥದೇ ಇನ್ನೊಂದು ರೂಪವನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ. ಅದೇ ಮುಖ, ಅದೇ ಹೆಜ್ಜೆ. ತಾಳ ತಪ್ಪಲಿಲ್ಲ. ಸಭೆಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ವೃಷಭನೊಬ್ಬನಿಗೆ. ಅವನು ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟು ಎದ್ದು ಹೊರಟುಬಿಟ್ಟ.

1990ರಿಂದ 2023ರವರೆಗೆ ಕನ್ನಡ ಪಾಠ ಹೇಳಿದೆ. ಈ ಭಾಗ ಎರಡು ಮೂರು ವರ್ಷಕ್ಕೊಮ್ಮೆಯಾದರೂ ಪಠ್ಯದಲ್ಲಿ ಬರುತ್ತಿತ್ತು. 'ಸಂಸಾರದ ಅನಿತ್ಯತೆ' ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆಯುತ್ತಿದ್ದರು. ಇಂದ್ರನ ಕೈಚಳಕದ ಹತ್ತಿರ ನಾನು ಒಂದು ದಿನವೂ ನಿಲ್ಲಲಿಲ್ಲ. ನಿಲ್ಲದೆ ಇದ್ದದ್ದಕ್ಕೆ ಕಾರಣವಿತ್ತು. ಅದು ನನಗೆ ಕರಗತವಾದ ವಿದ್ಯೆ.

1986ರ ಆಗಸ್ಟ್. ಶ್ರಾವಣ ಶನಿವಾರ. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆಂದು ಮನೆಗೆ ಬಂದಿದ್ದೆ. ಅಮ್ಮ ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋಗಿದ್ದಳು. ನನಗಿಂತ ನಾಲ್ಕು ವರ್ಷ ಚಿಕ್ಕವನು ನನ್ನ ತಮ್ಮ, ನಮ್ಮ ಪುಟ್ಟ, ಗೆಳೆಯರ ಜೊತೆ ಹೇಮಾವತಿಗೆ ಈಜಲು ಹೋಗಬೇಕೆಂದು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಮಳೆಗಾಲದಲ್ಲಿ ಹೊಳೆಯ ಕಡೆ ತಲೆ ಹಾಕಬೇಡ ಎಂದು ಅಮ್ಮ ಹೇಳಿ ಹೋಗಿದ್ದಳು. "ಹೋಗೋ, ಅಮ್ಮ ಕೇಳಿದ್ರೆ ಲೈಬ್ರರಿಗೆ ಹೋಗಿದಾನೆ ಅಂತೀನಿ" ಅಂದವಳು ನಾನು. ಸಾಯಂಕಾಲ ಅವನ ಗೆಳೆಯನೊಬ್ಬ ಸೈಕಲ್ಲಿನಲ್ಲಿ ಬಂದ. ಗೇಟಿನ ಹತ್ತಿರ ನಿಂತ, ಒಳಗೆ ಬರಲಿಲ್ಲ.

ನಮ್ಮ ಹಿರಿಯರು ಸಾವಿಗೆ ಒಂದು ಕ್ರಮ ಇಟ್ಟಿದ್ದಾರೆ. ಹತ್ತು ದಿನ ಸೂತಕ. ಮನೆಯಲ್ಲಿ ಒಗ್ಗರಣೆ ಇಲ್ಲ, ದೇವರ ದೀಪ ಇಲ್ಲ, ಯಾರ ಮನೆಗೂ ಹೋಗುವ ಹಾಗಿಲ್ಲ. ಹದಿಮೂರನೇ ದಿನಕ್ಕೆ ಶುಭಸ್ವೀಕಾರ, ಆವತ್ತು ಎಲೆಗೆ ಸಿಹಿ ಬೀಳುತ್ತದೆ. ಸಿಹಿ ಬೇಡವೆಂದು ಅವರು ಹೇಳಲಿಲ್ಲ, ಮೊದಲ ದಿನವೇ ಬಡಿಸಲೂ ಇಲ್ಲ. ಆ ಹತ್ತು ದಿನಗಳ ಖಾಲಿ ಎಷ್ಟು ಅಗತ್ಯದ್ದೆಂದು ನನಗೆ ಆಗ ಗೊತ್ತಿರಲಿಲ್ಲ. ನಾನು ಅಷ್ಟೂ ದಿನ ಅಡುಗೆಮನೆ, ಬಂದವರ ಕಾಫಿ, ಚಾಪೆ, ಪುರೋಹಿತರ ಸಾಮಾನಿನ ಪಟ್ಟಿ ಎಂದು ಒಂದು ನಿಮಿಷ ಕೂರದೆ ಓಡಾಡಿದೆ. ಹದಿನೈದನೇ ದಿನಕ್ಕೆ ಮೈಸೂರಿನ ಹಾಸ್ಟೆಲಿಗೆ ಹೊರಟೆ. ಆ ಭಾನುವಾರವೇ ಗೆಳತಿಯರನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ, ದಾರಿಯುದ್ದಕ್ಕೂ ಅವರನ್ನು ನಗಿಸಿದೆ. "ಎಷ್ಟು ಗಟ್ಟಿ ಹುಡುಗಿ" ಎಂದು ಎಲ್ಲರೂ ಹೊಗಳಿದರು. ಆ ಮೆಚ್ಚುಗೆ ನನಗೆ ಮುವ್ವತ್ತು ವರ್ಷ ಊಟವಾಯಿತು.

ಅಲ್ಲಿಂದ ಮುಂದೆ ನನ್ನ ಬದುಕಿನಲ್ಲಿ ಖಾಲಿ ಭಾನುವಾರ ಎಂಬುದೇ ಇಲ್ಲ. ಕುಮಾರಪರ್ವತ, ಕೊಡಚಾದ್ರಿ, ಹಿಮಾಲಯ. ಎರಡು ವರ್ಷ ವೀಣೆ, ಆರು ತಿಂಗಳು ಬಂಗಾಳಿ, ಒಂದು ಬೇಸಿಗೆ ಕುಂಬಾರಿಕೆ, ಆಮೇಲೆ ನಾಟಕದ ತಂಡ. ಯಾವುದನ್ನೂ ಕೆಟ್ಟದಾಗಿ ಕಲಿಯಲಿಲ್ಲ, ಯಾವುದನ್ನೂ ಕೊನೆಮುಟ್ಟಿಸಲಿಲ್ಲ. ಕೈ ಪಳಗಿ, ಇನ್ನು ಹೊಸದೇನಿಲ್ಲ, ದಿನಾ ಕೂತು ಅದನ್ನೇ ಮಾಡಬೇಕು ಎನ್ನುವ ಹಂತ ಬಂದ ಕೂಡಲೇ ನನಗೆ ಎದೆಯಲ್ಲಿ ಏನೋ ಹಿಂಡಿದ ಹಾಗಾಗುತ್ತಿತ್ತು, ಇನ್ನೊಂದು ಹುಡುಕುತ್ತಿದ್ದೆ. ಕಾಲೇಜಿನಲ್ಲಿ ನನ್ನನ್ನು ಪಾದರಸ ಅನ್ನುತ್ತಿದ್ದರು. "ನೀನಿದ್ರೆ ಬೇಜಾರು ಅನ್ನೋದೇ ಇಲ್ಲ ಕಣೇ" ಎಂದು ನಮ್ಮ ಮನೆಯವರು ಪ್ರೀತಿಯಿಂದಲೇ ಹೇಳುತ್ತಿದ್ದರು.

ಒಂದು ಚಿತ್ರ ಮಾತ್ರ ಈಗಲೂ ಚುಚ್ಚುತ್ತದೆ. ಉತ್ತರಾಖಂಡದ ಹೂವಿನ ಕಣಿವೆಗೆ ಹೋಗಿದ್ದೆ, ಆಗಸ್ಟ್ ತಿಂಗಳು. ಘಾಂಗರಿಯಾದಿಂದ ನಡೆದು ಮೇಲೆ ಹೋದರೆ ಕಣ್ಣು ಹಾಯಿಸಿದಷ್ಟೂ ಹೂವು, ಮೇಲೆ ಮಂಜು. ಹೋದವರೆಲ್ಲ ಬಾಯಿ ಕಟ್ಟಿದ ಹಾಗೆ ನಿಂತಿದ್ದರು. ನಾನು ಕಲ್ಲಿನ ಮೇಲೆ ಡೈರಿ ಇಟ್ಟುಕೊಂಡು ಮುಂದಿನ ವರ್ಷದ ಲಡಾಖ್ ಪ್ರವಾಸಕ್ಕೆ ಎಷ್ಟು ರಜೆ ಉಳಿಸಬೇಕೆಂದು ಲೆಕ್ಕ ಹಾಕುತ್ತಿದ್ದೆ. ಆ ಕಣಿವೆಯಲ್ಲಿ ಯಾವ ಹೂವು ಯಾವ ಬಣ್ಣದ್ದೆಂದು ಕೇಳಿದರೆ ನನಗೆ ನೆನಪಿಲ್ಲ. ಡೈರಿಯ ಲೆಕ್ಕ ನೆನಪಿದೆ.

2014ರಲ್ಲಿ ಅಧ್ಯಾಪಕರಿಗೆಂದು ನಡೆದ ಒಂದು ಶಿಬಿರದಲ್ಲಿ ಎನಿಯಾಗ್ರಾಮ್ ಎಂಬ ಹೆಸರು ಮೊದಲು ಕೇಳಿದೆ. ಮನುಷ್ಯ ಸ್ವಭಾವವನ್ನು ಒಂಬತ್ತಾಗಿ ವಿಂಗಡಿಸುವ ಪದ್ಧತಿ. ಬೊಲಿವಿಯಾದ ಆಸ್ಕರ್ ಇಚಾಜೊ ರೂಪಿಸಿದ್ದು, ಚಿಲಿಯ ಮನೋವೈದ್ಯ ಕ್ಲಾಡಿಯೊ ನರಾಂಜೊ 1970ರ ದಶಕದಲ್ಲಿ ಬೆಳೆಸಿದ್ದು. ಮನಶ್ಶಾಸ್ತ್ರಜ್ಞರಲ್ಲಿ ಬಹಳ ಮಂದಿ ಇದನ್ನು ವಿಜ್ಞಾನವೆಂದು ಒಪ್ಪುವುದಿಲ್ಲ. ಮನುಷ್ಯರನ್ನು ಒಂಬತ್ತು ಗೂಡುಗಳಿಗೆ ತುಂಬುವುದು ನನಗೂ ಸರಿ ಕಾಣುವುದಿಲ್ಲ. ಆದರೂ ಏಳನೆಯ ಬಗೆಯವರ ವಿವರಣೆ ಓದುವಾಗ ಕೈ ತಣ್ಣಗಾಯಿತು. ಸದಾ ಉತ್ಸಾಹಿ, ಹೊಸದರ ಹಿಂದೆ ಓಡುವವರು, ಒಳಗಿನ ನೋವನ್ನು ಮುಟ್ಟಲು ಹೆದರಿ ಹೊರಗೆ ಸಂಭ್ರಮ ಜೋಡಿಸುವವರು. ಇವರ ದೋಷವೆಂದರೆ ಹೊಟ್ಟೆಬಾಕತನ ಎನ್ನುತ್ತದೆ ಆ ಪದ್ಧತಿ: ಅನ್ನಕ್ಕಲ್ಲ, ಅನುಭವಕ್ಕೆ. ಇವರ ಮನಸ್ಸಿನ ಚಾಳಿಗೆ ಇಚಾಜೊ ಕೊಟ್ಟ ಹೆಸರು ಯೋಜನೆ. ಮುಂದಿನದರ ಯೋಜನೆ. ಶಿಬಿರದ ಊಟದ ಹೊತ್ತಿಗೆ ನಾನು ಅದನ್ನೂ ಒಂದು ಹೊಸ ರುಚಿ ಮಾಡಿಕೊಂಡು, ಎಲ್ಲರಿಗೂ ಅವರವರ ಸಂಖ್ಯೆ ಹೇಳುತ್ತ ತಿರುಗಿದೆ.

ನಿಜವಾಗಿ ತಡೆದು ನಿಲ್ಲಿಸಿದ್ದು ನನ್ನ ಮಗಳು. 2016ರಲ್ಲಿ ಅವಳ ನಿಶ್ಚಿತಾರ್ಥ ಮುರಿಯಿತು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು, ಬ್ಯಾಗನ್ನೂ ಇಳಿಸದೆ ಹಾಲಿನ ಸೋಫಾದ ಅಂಚಿನಲ್ಲಿ ಕೂತಿದ್ದಳು. ನಾನು ಕಾಫಿ ತಂದೆ, ಬಿಸಿ ದೋಸೆ ಹಾಕಿದೆ, ಒಂಬತ್ತು ಗಂಟೆಗೆ ಕೊಡೈಕೆನಾಲಿಗೆ ಎರಡು ಟಿಕೆಟ್ ನೋಡುತ್ತಿದ್ದೆ. ಅವಳು ನನ್ನ ಕೈಯಿಂದ ಫೋನು ತೆಗೆದು ಪಕ್ಕಕ್ಕಿಟ್ಟಳು. "ಅಮ್ಮಾ, ನಾನು ಚಿಕ್ಕವಳಿದ್ದಾಗಿಂದ ಹೀಗೇ. ಅಳೋಕೆ ಶುರು ಮಾಡಿದ ತಕ್ಷಣ ನೀನು ಐಸ್‌ಕ್ರೀಮ್ ಅಂತೀಯ. ನಂಗೆ ಎಲ್ಲೂ ಹೋಗೋದು ಬೇಡ. ನೀನು ಇಲ್ಲಿ ಸುಮ್ನೆ ಕೂತ್ಕೋ."

ಕೂತೆ. ಹದಿನೈದು ನಿಮಿಷ ಇರಬಹುದು. ಅವಳು ಅಳುತ್ತಿದ್ದಳು, ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಎದ್ದು ಒಲೆ ಆರಿಸಿದೆನೋ ನೋಡಿ ಬರಬೇಕೆನಿಸಿತು. ಗಿಡಕ್ಕೆ ನೀರು, ಬಾಗಿಲ ಹತ್ತಿರದ ಪೇಪರು, ಏನಾದರೂ ಒಂದು. ಆಗ ಮೊದಲ ಬಾರಿಗೆ ಅರ್ಥವಾಯಿತು: ನನ್ನ ನೋವಿನ ಜಾಗದಲ್ಲಿ ಇನ್ನೊಬ್ಬ ನರ್ತಕಿಯನ್ನು ತಂದು ನಿಲ್ಲಿಸುವುದಷ್ಟೇ ನನ್ನ ಕೆಲಸವಾಗಿರಲಿಲ್ಲ. ಮನೆಯಲ್ಲಿ ಯಾರದೇ ತಾಳ ತಪ್ಪಿದರೂ ನಾನೇ ಇಂದ್ರ. ಗಂಡನ ಕೆಲಸ ಹೋದಾಗ ಮನೆಗೆ ಬಣ್ಣ ಹೊಡೆಸಿದೆ. ಮಾವನವರು ತೀರಿಕೊಂಡ ತಿಂಗಳೇ ಅತ್ತೆಯನ್ನು ಕಾಶಿಗೆ ಕರೆದೊಯ್ದೆ, ಅವರಿಗೆ ಮನೆಯಲ್ಲಿದ್ದು ಆ ಮಂಚ ನೋಡುತ್ತ ಕೂರಬೇಕಿತ್ತೋ ಏನೋ ಕೇಳಲಿಲ್ಲ. ನನ್ನ ಸಂಭ್ರಮ ನನ್ನ ಮನೆಯವರ ದುಃಖವನ್ನು ಅನಾಥ ಮಾಡಿತ್ತು.

ಆಮೇಲೆ ನಾನು ಓದಲು ಹೊರಟದ್ದು ಜೈನ ಗ್ರಂಥಗಳನ್ನು. ನಮ್ಮ ಕಾಲೇಜಿನಲ್ಲಿ ಸಂಸ್ಕೃತ ಹೇಳುತ್ತಿದ್ದ ಹಿರಿಯ ಮೇಷ್ಟ್ರು ಜೈನರು, ನಿವೃತ್ತರಾಗಿ ಶ್ರವಣಬೆಳಗೊಳದಲ್ಲಿದ್ದರು. ಅವರ ಮನೆಯ ಜಗಲಿಯಲ್ಲಿ ಕೂತು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಒಂಬತ್ತನೇ ಅಧ್ಯಾಯ ಓದಿದೆವು. ಅಲ್ಲಿ ಧ್ಯಾನ ನಾಲ್ಕು ಬಗೆ: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಮೊದಲ ಎರಡು ಕಟ್ಟಿಹಾಕುವಂಥವು, ಕೊನೆಯ ಎರಡು ಬಿಡಿಸುವಂಥವು. ಧ್ಯಾನ ಎಂದರೆ ಇಲ್ಲಿ ಪದ್ಮಾಸನ ಹಾಕುವುದಲ್ಲ. ಮನಸ್ಸು ಯಾವುದಕ್ಕೆ ಅಂಟಿಕೊಂಡು ಸುತ್ತುತ್ತದೋ ಅದು. ಆರ್ತಧ್ಯಾನವೆಂದರೆ ಸಂಕಟದ ಸುತ್ತ ಸುತ್ತುವುದು. ಅದರಲ್ಲಿ ಮತ್ತೆ ನಾಲ್ಕು. ಬೇಡದ್ದು ಬಂದು ಸೇರಿದಾಗ ಯಾವಾಗ ತೊಲಗುತ್ತದೋ ಎಂದು ಕೊರಗುವುದು. ಪ್ರಿಯವಾದದ್ದು ದೂರವಾದಾಗ ಅದಕ್ಕಾಗಿ ಹಂಬಲಿಸುವುದು. ಮೈಯ ನೋವಿನಲ್ಲೇ ಮನಸ್ಸು ನೆಡುವುದು. ಈ ಮೂರು ಸರಿ, ಇವು ಸಂಕಟ ಎಂದು ಯಾರಿಗಾದರೂ ಗೊತ್ತು. ನಾಲ್ಕನೆಯದು ನಿದಾನ. ಮುಂದೆ ಸಿಗಬೇಕಾದ ಸುಖವನ್ನು ಕುರಿತು ಆಸೆಯಿಂದ ಯೋಚಿಸುವುದು.

ನಾನು ಮೇಷ್ಟ್ರನ್ನು ಕೇಳಿದೆ: "ಇದು ಇಲ್ಲಿ ಹೇಗೆ ಬಂತು ಸಾರ್? ಮುಂದಿನ ಸುಖ ನೆನೆಸಿಕೊಳ್ಳೋದು ಖುಷಿ ಅಲ್ವಾ? ಅದನ್ನ ಗೋಳಾಟದ ಪಕ್ಕ ಯಾಕೆ ಕೂರಿಸಿದಾರೆ?"

ಅವರು ತಕ್ಷಣ ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡು, "ನೀವು ಇಲ್ಲಿಗೆ ಬಂದು ಎಷ್ಟು ಹೊತ್ತಾಯ್ತು? ಆಗಲೇ ಮೂರು ಸಲ ಮುಂದಿನ ವಾರ ಅಂದಿರಿ" ಎಂದರು. ಅಷ್ಟೇ. ಒಂದೂವರೆ ಸಾವಿರ ವರ್ಷದ ಹಿಂದೆಯೇ ಒಬ್ಬರು ಸೂತ್ರಕಾರರು ನನ್ನ ಡೈರಿಯನ್ನು ಶೋಕದ ಲೆಕ್ಕಕ್ಕೆ ಬರೆದಿಟ್ಟಿದ್ದರು. ಬೊಲಿವಿಯಾದ ಇಚಾಜೊ ಯೋಜನೆ ಅಂದದ್ದು, ಇವರು ನಿದಾನ ಅಂದದ್ದು, ಎರಡೂ ಒಂದೇ ಗಾಯ. ಕೊಡಚಾದ್ರಿಯ ಪಟ್ಟಿ ಹಾಕುತ್ತಿದ್ದ ನಾನು ಅಷ್ಟೂ ವರ್ಷ ಹೊಳೆಯ ದಡದಲ್ಲೇ ಇದ್ದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಧರ್ಮವೆಂದರೆ ಸುಖಕ್ಕೆ ಬೆನ್ನು ತಿರುಗಿಸುವುದು, ವೃಷಭನಿಗೆ ನಾಟ್ಯದ ಮೇಲೆ ಜಿಗುಪ್ಸೆ ಬಂತು ಎಂದು ನಾನೇ ಪಾಠ ಮಾಡಿದ್ದೆ. ಈಗ ಅದನ್ನು ಒಪ್ಪುವುದಿಲ್ಲ. ಸಭೆಯಲ್ಲಿ ನೂರಾರು ಜನ ಆ ನಾಟ್ಯ ನೋಡುತ್ತಿದ್ದರು. ಬದಲಾದದ್ದು ಅವರ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಅವರಿಗೆ ಬೇಕಾಗಿದ್ದದ್ದು ನೀಲಾಂಜನೆ ಅಲ್ಲ, ನಾಟ್ಯ ನಿಲ್ಲದಿರುವುದು. ಆ ಜಾಗದಲ್ಲಿ ಯಾರಿದ್ದರೂ ಅವರಿಗೆ ಸಾಕಿತ್ತು. ವೃಷಭನೊಬ್ಬ ಅವಳನ್ನೇ ನೋಡುತ್ತಿದ್ದ. ಅವಳನ್ನೇ ನೋಡುತ್ತಿದ್ದವನಿಗೆ ಮಾತ್ರ ಅವಳು ಹೋದದ್ದು ತಿಳಿಯಿತು. ಆ ಸಭೆಯಲ್ಲಿ ಅತ್ಯಂತ ಚೆನ್ನಾಗಿ ರಸ ಉಂಡವನು ಅವನೇ. ಸಂಭ್ರಮದ ಹಿಂದೆ ಓಡುವವರು ಸುಖವನ್ನು ಹೆಚ್ಚು ಉಂಡವರೆಂದು ಲೋಕ ತಿಳಿದಿದೆ. ನನ್ನ ಬದುಕು ನೋಡಿ ಹೇಳುತ್ತೇನೆ, ನಾವು ಸುಖವನ್ನು ಸರಿಯಾಗಿ ಮುಟ್ಟಿಯೇ ಇಲ್ಲ. ಮುಟ್ಟಿದರೆ ಅದು ಮುಗಿಯುವುದೂ ಕೈಗೆ ತಾಗುತ್ತದಲ್ಲ, ಆ ಭಯ. ಹೂವಿನ ಕಣಿವೆಯಲ್ಲಿ ನಾನು ತಲೆ ಎತ್ತದೆ ಇದ್ದದ್ದು ಆ ಭಯಕ್ಕೇ. ಆಗಸ್ಟ್ ತಿಂಗಳಲ್ಲವೇ.

ಇಂದ್ರನ ಬಗ್ಗೆ ನನಗೆ ಇನ್ನೂ ಬಗೆಹರಿದಿಲ್ಲ. ಸಾವನ್ನು ತೋರಿಸಲೆಂದೇ ಅವಳನ್ನು ಕರೆತಂದವನು ಅವನು, ಮುಚ್ಚಿದವನೂ ಅವನೇ. ಬಹುಶಃ ನೋಡಬಲ್ಲವನಿಗೆ ತೋರಿಸಿದ, ತಾಳಲಾರದವರಿಗೆ ಮರೆ ಮಾಡಿದ. ಹಾಗಾದರೆ ಅದು ಕರುಣೆಯೇ. ಮರೆ ಮಾಡಿಕೊಂಡದ್ದಕ್ಕೆ ಇಪ್ಪತ್ತಮೂರು ವರ್ಷದ ಆ ಹುಡುಗಿಯನ್ನು, ನನ್ನನ್ನು, ನಾನು ಬೈಯಲಾರೆ. ಅವಳಿಗೆ ಆಗ ಅಷ್ಟೇ ಶಕ್ತಿ ಇತ್ತು. ಮರೆಯನ್ನು ಐವತ್ತು ದಾಟಿದ ಮೇಲೂ ಎಳೆದುಕೊಂಡೇ ಇದ್ದೆನಲ್ಲ, ಅದು ನನ್ನ ಹೊಣೆ.

ಕ್ರೈಸ್ತ ವಿರಕ್ತರಿಗೂ ಇದು ಗೊತ್ತಿತ್ತು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸಂನ್ಯಾಸಿ ನಡುಹಗಲಿನಲ್ಲಿ ಬಂದು ಕಾಡುವ ಒಂದು ಪಿಶಾಚಿಯ ಬಗ್ಗೆ ಬರೆದಿದ್ದಾನೆ. ಅದು ಹಿಡಿದವನಿಗೆ ಸೂರ್ಯ ಅಲುಗದೆ ನಿಂತ ಹಾಗೆ ಕಾಣುತ್ತದೆ, ಕಿಟಕಿಯ ಕಡೆಗೇ ಕಣ್ಣು, ಈ ಕೋಣೆ ಬಿಟ್ಟು ಬೇರೆಲ್ಲಾದರೂ ಹೋದರೆ ಚೆನ್ನಾಗಿರಬಹುದು ಎನಿಸುತ್ತದೆ. ಅವರ ಪರಂಪರೆಯ ಹಿರಿಯ ಆಂಟನಿಗೂ ಹೀಗಾದಾಗ, ತನ್ನಂತೆಯೇ ಇರುವ ಒಬ್ಬ ಕೂತು ಹಗ್ಗ ಹೊಸೆಯುವುದು, ಎದ್ದು ಪ್ರಾರ್ಥಿಸುವುದು, ಮತ್ತೆ ಕೂತು ಹೊಸೆಯುವುದು ಅವನಿಗೆ ಕಂಡಿತಂತೆ. ಹೀಗೆ ಮಾಡು, ಪಾರಾಗುತ್ತೀಯ ಎಂಬ ಮಾತು ಕೇಳಿಸಿತಂತೆ. ಇದನ್ನು ಓದಿದ ದಿನ ನನಗೆ ನೆನಪಾದದ್ದು ಅಮ್ಮನ ಬೆರಳು.

ಪುಟ್ಟ ಹೋದ ವರ್ಷ ಅಮ್ಮ ಲಕ್ಷಬತ್ತಿ ಹಿಡಿದಿದ್ದಳು. ದಿನಕ್ಕೆ 300 ಹೊಸೆದರೂ ಲಕ್ಷ ಮುಗಿಯಲು 11 ತಿಂಗಳು ಬೇಕು. ಪ್ರತಿ ಮಧ್ಯಾಹ್ನ ಊಟವಾದ ಮೇಲೆ ನಡುಮನೆಯ ಕಂಬಕ್ಕೆ ಒರಗಿ, ಕಾಲು ಚಾಚಿ ಕೂರುತ್ತಿದ್ದಳು. ನಾನು ರಜೆಗೆ ಬಂದಾಗಲೆಲ್ಲ "ಬಾ, ಒಂದು ಹತ್ತು ಬತ್ತಿ ಮಾಡು" ಅನ್ನುತ್ತಿದ್ದಳು. ನಾನು ಒಂದು ಸಲವೂ ಕೂರಲಿಲ್ಲ. ಆ ಮೌನದ ಪಕ್ಕ ಕೂತರೆ ಉಸಿರು ಕಟ್ಟುತ್ತದೆ ಎನಿಸುತ್ತಿತ್ತು. ಮುಂದಿನ ಕಾರ್ತಿಕದಲ್ಲಿ ಅವಳು ಆ ಬತ್ತಿಗಳನ್ನು ದೇವಸ್ಥಾನದಲ್ಲಿ ಹಚ್ಚಿದ ದಿನ ನಾನು ಹಂಪಿಯಲ್ಲಿದ್ದೆ.

2019ರ ಬೇಸಿಗೆ, ಅವಳಿಗೆ ಎಂಬತ್ತು. ಲಕ್ಷದ ವ್ರತ ಮುಗಿದು ಎಷ್ಟೋ ವರ್ಷವಾದರೂ ಬತ್ತಿ ಹೊಸೆಯುವುದು ಬಿಟ್ಟಿರಲಿಲ್ಲ, ನೂರೆಂಟರ ಕಟ್ಟು ಮಾಡಿ ಬೀದಿಯವರಿಗೆ ಹಂಚುತ್ತಿದ್ದಳು. ಒಂದು ಮಧ್ಯಾಹ್ನ ನಾನಾಗಿಯೇ ಹೋಗಿ ಪಕ್ಕದಲ್ಲಿ ಕೂತೆ. ಅವಳು ಅರಳೆಯ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದಳು, ಏನೂ ಕೇಳಲಿಲ್ಲ. ಹೂಬತ್ತಿ. ಅರಳೆಯಲ್ಲಿ ಬೀಜದ ಚೂರು, ಕಸ ಆರಿಸಿ, ಬೆರಳಲ್ಲಿ ಎಳೆದೆಳೆದು ತೆಳ್ಳಗೆ ಮಾಡಬೇಕು. ಚಿಟಿಕೆಯಷ್ಟು ತೆಗೆದು ಅಂಚುಗಳನ್ನು ಮೇಲಕ್ಕೆ ಕೂಡಿಸಬೇಕು. ಬೆರಳಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು ತುದಿ ಹೊಸೆಯಬೇಕು. ಕೆಳಗೆ ಹೂವಿನ ಹಾಗೆ ಅಗಲ, ಮೇಲೆ ಮೊಳಕೆಯಂಥ ತುದಿ. ನನ್ನವು ಮೊದಲು ಮೊದಲು ನಿಲ್ಲುತ್ತಲೇ ಇರಲಿಲ್ಲ, ಮಗ್ಗುಲಿಗೆ ಬೀಳುತ್ತಿದ್ದವು. "ಬಿಗಿ ಮಾಡಬೇಡ, ಎಣ್ಣೆ ಹತ್ತಲ್ಲ" ಅಂದಳು.

ಎರಡು ವಾರ ಹಾಗೆ ಕೂತೆ. ಮೊದಲ ದಿನಗಳಲ್ಲಿ ಹದಿನೈದನೇ ಬತ್ತಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಆಮೇಲಾಮೇಲೆ ಬೇರೆಯೇ ಆಯಿತು. ಗೇಟಿನ ಹತ್ತಿರ ನಿಂತ ಆ ಸೈಕಲ್ಲು ಬಂತು. ಅವನು ಹೊರಡುವಾಗ ಹಾಕಿದ್ದ ನೀಲಿ ಚೌಕುಳಿ ಅಂಗಿ ಬಂತು, ಅದರ ಕೊನೆಯ ಗುಂಡಿ ಇರಲಿಲ್ಲ. ಮುವ್ವತ್ತಮೂರು ವರ್ಷ ಅವನ ಮುಖವೇ ನನಗೆ ನೆನಪಾಗುತ್ತಿರಲಿಲ್ಲ, ಫೋಟೊ ನೋಡಿದರೂ ಫೋಟೊವೇ ಕಾಣುತ್ತಿತ್ತು. ಈಗ ಮುಖ ಬಂತು. ಬಿಳಿ ಅರಳೆ ಮಂಜಾಯಿತು. ಅಮ್ಮ ತಲೆ ಎತ್ತಲಿಲ್ಲ, ಹೊಸೆಯುತ್ತಲೇ ಇದ್ದಳು.

"ಅಮ್ಮಾ, ಅವತ್ತು ಹೋಗು ಅಂತ ಹೇಳಿದ್ದು ನಾನು. ಲೈಬ್ರರಿಗೆ ಹೋಗಿದಾನೆ ಅಂತ ನಿನಗೆ ಸುಳ್ಳು ಹೇಳಿದೆ."

ಅವಳು ಕೈಯಲ್ಲಿದ್ದ ಬತ್ತಿಯ ತುದಿ ಹೊಸೆದು ಮುಗಿಸಿ ತಟ್ಟೆಯಲ್ಲಿ ನಿಲ್ಲಿಸಿದಳು. ಬಹಳ ಹೊತ್ತಾಯಿತು. ಹೊರಗೆ ಯಾರೋ ಸೊಪ್ಪು ಮಾರುತ್ತ ಹೋದರು.

"ಕೈಗೆ ಏನಾದರೂ ಕಟ್ಟಿಕೊಟ್ಟಿದ್ಯಾ? ಬೆಳಿಗ್ಗೆ ನಾನು ಅಡುಗೆ ಮಾಡದೆ ಹೋಗಿದ್ದೆ."

"ಎರಡು ಅಕ್ಕಿ ರೊಟ್ಟಿ. ಹುಚ್ಚೆಳ್ಳು ಚಟ್ನಿಪುಡಿ, ಮೇಲೆ ಬೆಣ್ಣೆ ಹಾಕಿ."

"ತಿಂದನಂತಾ?"

"ತಿಂದನಂತೆ. ನೀರಿಗೆ ಇಳಿಯೋಕೆ ಮುಂಚೆ ಎಲ್ಲರೂ ಕೂತು ತಿಂದರಂತೆ. ಅವನ ಸ್ನೇಹಿತ ಹೇಳಿದ್ದ."

"ಹ್ಞೂಂ" ಅಂದಳು. ಬುಟ್ಟಿಯಿಂದ ಇನ್ನೊಂದು ಚಿಟಿಕೆ ಅರಳೆ ತೆಗೆದುಕೊಂಡಳು.